ಮುನ್ನೂರ ನಲವತ್ತು ಗ್ರಾಂ ತೂಕದ ಮ್ಯಾಕ್ರೊ ಲೆನ್ಸು

ವಕೀಲರ ಜೊತೆ ನನ್ನ ಸ್ಟುಡಿಯೋಗೆ ಬಂದ ಮನುಷ್ಯ ಕೂತಿದ್ದ ಅಷ್ಟು ಹೊತ್ತೂ ಬಲಗೈಯನ್ನು ಪ್ಯಾಂಟಿನ ಜೇಬಿನಿಂದ ಈಚೆ ತೆಗೆಯಲಿಲ್ಲ. ಕಾಫಿಯನ್ನೂ ಎಡಗೈಯಲ್ಲೇ ಕುಡಿದರು. ಮೈಸೂರಿನ ಹೂಟಗಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಪವರ್ ಪ್ರೆಸ್ ಓಡಿಸುತ್ತಿದ್ದರು. ತಗಡನ್ನು ಅಚ್ಚಿನ ಮೇಲಿಟ್ಟು ಪೆಡಲ್ ತುಳಿದರೆ ಮೇಲಿನ ಭಾರ ಒಂದು ಸಲ ಇಳಿದು, ಬಿಲ್ಲೆ ಕತ್ತರಿಸಿ, ಮತ್ತೆ ಮೇಲೆ ಹೋಗಿ ನಿಲ್ಲಬೇಕು. ಆ ದಿನ ಅದು ನಿಲ್ಲಲಿಲ್ಲ. ಬಿಲ್ಲೆ ತೆಗೆಯಲು ಕೈ ಒಳಗಿಟ್ಟಿದ್ದಾಗ ಎರಡನೇ ಸಲ ಇಳಿಯಿತು. ಮೂರು ಬೆರಳು ಹೋದವು.

ಇವರೇ ಅವಸರಕ್ಕೆ ಎರಡನೇ ಸಲ ಪೆಡಲ್ ತುಳಿದರು ಎಂದು ಕಾರ್ಖಾನೆಯವರು ಬರೆದುಕೊಟ್ಟಿದ್ದರು.

"ನಾ ತುಳೀನೇ ಇಲ್ಲ ಮೇಡಮ್," ಅಂದರು ಅವರು. "ಅದ್ರ ಪಾಡಿಗೆ ಅದೇ ಬಂದ್ಬುಡ್ತು. ಎಂಗೆ ಹೇಳಿದ್ರೂ ಯಾರೂ ನಂಬ್ತಾ ಇಲ್ಲ."

ವಕೀಲರು ವಿಷಯ ಬಿಡಿಸಿ ಹೇಳಿದರು. ಪ್ರೆಸ್ಸಿನ ಕ್ಲಚ್ಚಿನೊಳಗೆ ಒಂದು ಉಕ್ಕಿನ ಪಿನ್ನು ಇರುತ್ತದೆ. ಭಾರವನ್ನು ಹಿಡಿದು ನಿಲ್ಲಿಸುವುದೂ ಬಿಡುವುದೂ ಅದರಿಂದಲೇ. ಅಪಘಾತವಾದ ಮೇಲೆ ಬಿಚ್ಚಿ ನೋಡಿದರೆ ಅದು ತುಂಡಾಗಿತ್ತು. ಭಾರ ಎರಡನೇ ಸಲ ಜೋರಾಗಿ ಬಡಿದಿದ್ದರಿಂದ ಪಿನ್ನು ಮುರಿಯಿತು ಎಂದು ಕಾರ್ಖಾನೆಯವರ ವಾದ. ಪಿನ್ನು ಮೊದಲೇ ಬಿರುಕು ಬಿಟ್ಟಿದ್ದರಿಂದ ಭಾರ ಎರಡನೇ ಸಲ ಇಳಿಯಿತು ಎಂದು ನಮ್ಮವರ ವಾದ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಶಾಸ್ತ್ರ ಕಲಿಸುವ ಒಬ್ಬ ಪ್ರೊಫೆಸರು ಒಂದು ಮಾತು ಹೇಳಿದ್ದರಂತೆ: ಹಳೇ ಬಿರುಕಾದರೆ ಮುರಿದ ಮುಖದ ಆ ಭಾಗ ಎಣ್ಣೆ, ತುಕ್ಕು ಕುಡಿದು ಕಪ್ಪಾಗಿರುತ್ತದೆ, ಅದರಲ್ಲಿ ಒಂದರ ಹಿಂದೊಂದು ಬಾಗಿದ ಗೆರೆಗಳಿರುತ್ತವೆ, ಆಗತಾನೇ ಮುರಿದದ್ದಾದರೆ ಹೊಳೆಯುತ್ತದೆ. ಆದರೆ ಪಿನ್ನು, ಪರಿಹಾರದ ವಿಚಾರಣೆ ನಡೆಸುತ್ತಿದ್ದ ಕಾರ್ಮಿಕ ಇಲಾಖೆಯ ಅಧಿಕಾರಿಯ ಬೀರುವಿನಲ್ಲಿ ಸೀಲಾಗಿತ್ತು. ಹೊರಗೆ ಕೊಡುವ ಹಾಗಿರಲಿಲ್ಲ. ಕಚೇರಿಯಲ್ಲೇ, ಎರಡೂ ಕಡೆಯವರ ಎದುರು, ಒಂದು ಗಂಟೆ ಫೋಟೋ ತೆಗೆಯಲು ಅನುಮತಿ ಸಿಕ್ಕಿತ್ತು. ಆ ದಿನಕ್ಕೆ ಇನ್ನೂ ಆರು ವಾರ ಇತ್ತು.

"ನೆಗೆಟಿವ್ ಇರೋ ಕ್ಯಾಮೆರಾದಲ್ಲೇ ತೆಗೀರಿ," ಅಂದರು ವಕೀಲರು. "ಡಿಜಿಟಲ್ ಅಂದ್ರೆ ಕಂಪ್ಯೂಟರಲ್ಲಿ ತಿದ್ದಿದ್ದಾರೆ ಅಂತ ಶುರು ಮಾಡ್ತಾರೆ."

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತಷ್ಟೆ. ಶ್ರೀರಾಂಪುರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೋ. ಕಾರ್ಖಾನೆಗಳ ಕ್ಯಾಟಲಾಗಿಗೆ ಬೋಲ್ಟು, ವಾಲ್ವು, ಗೇರುಗಳ ಫೋಟೋ ತೆಗೆಯುವುದು ನನ್ನ ಕಸುಬು. ಮುರಿದ ಪಿನ್ನಿನ ಮುಖ ಹೆಬ್ಬೆರಳ ಉಗುರಿನಷ್ಟು ಅಗಲ. ಅದನ್ನು ಫಿಲ್ಮಿನ ಮೇಲೆ ಇದ್ದಷ್ಟೇ ಗಾತ್ರದಲ್ಲಿ ಮೂಡಿಸಬೇಕೆಂದರೆ ಮ್ಯಾಕ್ರೊ ಲೆನ್ಸು ಬೇಕು. ನನ್ನ ಹತ್ತಿರ ಇದ್ದದ್ದು ಸಾಧಾರಣ ಲೆನ್ಸಿನ ಮುಂದೆ ತಿರುಪಿ ಹಾಕುವ ಕ್ಲೋಸಪ್ ಗಾಜು. ನಡುವೆ ಚೆನ್ನಾಗಿ ಬಂದರೆ ಅಂಚಿನಲ್ಲಿ ಕಲಸಿಹೋಗುತ್ತಿತ್ತು. ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದೆ. ಆರ್ಡರ್ ಮೇಲೆ ತರಿಸಬೇಕು, ಎರಡು ತಿಂಗಳಾಗುತ್ತದೆ ಅಂದರು. ಅವರು ಹೇಳಿದ ಬೆಲೆ ಕೇಳಿ ಫೋನ್ ಇಟ್ಟುಬಿಟ್ಟೆ.

ಹಾಗಾಗಿ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಹುಡುಕಿದೆ. ಅಮೆರಿಕದ ಒಂದು ಕ್ಯಾಮೆರಾ ಅಂಗಡಿಯ ತಾಣದಲ್ಲಿ ಅದೇ ಲೆನ್ಸು, ನೂರು ಮಿಲಿಮೀಟರಿನದು, ಬೆಂಗಳೂರಿನ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಇತ್ತು. 'ಹೊಚ್ಚ ಹೊಸದು, ದಾಸ್ತಾನಿದೆ, ಇಪ್ಪತ್ತನಾಲ್ಕು ಗಂಟೆಯಲ್ಲಿ ರವಾನೆ' ಎಂದು ಬರೆದಿತ್ತು. ಬೇರೆ ಎಲ್ಲೂ ಅಷ್ಟು ಕಡಿಮೆ ಇರಲಿಲ್ಲ. ಅದೇ ನನಗೆ ಎಚ್ಚರಿಕೆಯಾಗಬೇಕಿತ್ತು. ಆಗಲಿಲ್ಲ. ಆಸೆಗೆ ಬಿದ್ದೆ ಎಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಕ್ರೆಡಿಟ್ ಕಾರ್ಡಿನ ನಂಬರು ಒತ್ತಿ ಆರ್ಡರ್ ಮಾಡಿದೆ. ಮಾಡಿದ ಒಂದೇ ಒಂದು ಜಾಣತನವೆಂದರೆ, ಏಳುವ ಮೊದಲು ಆ ಪುಟವನ್ನು ಪ್ರಿಂಟ್ ತೆಗೆಸಿಕೊಂಡದ್ದು. ಅದು ಕೂಡ ಜಾಣತನದಿಂದಲ್ಲ. ನನಗೆ ಪರದೆಯ ಮೇಲಿನ ಅಕ್ಷರದ ಮೇಲೆ ನಂಬಿಕೆ ಕಡಿಮೆ, ಕಾಗದ ಕೈಯಲ್ಲಿರಬೇಕು, ಅಷ್ಟೆ.

ಎರಡು ದಿನದ ಮೇಲೆ ಈಮೇಲ್ ಬಂತು. 'ನಿಮ್ಮ ಆರ್ಡರ್ ಖಾತ್ರಿಪಡಿಸಲು ಈ ನಂಬರಿಗೆ ಫೋನ್ ಮಾಡಿ.' ನಮ್ಮ ಬೀದಿಯ ಕೊನೆಯ ಎಸ್‌ಟಿಡಿ ಬೂತಿಗೆ ಸಂಜೆ ಏಳಕ್ಕೆ ಹೋದೆ. ಅಲ್ಲಿ ಆಗ ಬೆಳಗ್ಗೆ. ಅತ್ತಲಿಂದ ಒಬ್ಬ ಗಂಡಸು ಬಹಳ ವಿನಯದಿಂದ ಮಾತು ಶುರು ಮಾಡಿದ. ಒಳ್ಳೆಯ ಆಯ್ಕೆ ಅಂದ. ಮುಚ್ಚಳಗಳು ಬೇಕಲ್ಲವೇ ಅಂದ. ಪೆಟ್ಟಿಗೆಯಲ್ಲೇ ಇರುತ್ತವಲ್ಲ ಅಂದೆ.

"ಇಲ್ಲ ಮೇಡಮ್, ನೀವು ನೋಡಿದ ಬೆಲೆ ಬರೀ ಲೆನ್ಸಿಗೆ. ಮುಂದಿನ ಮುಚ್ಚಳ, ಹಿಂದಿನ ಮುಚ್ಚಳ, ವಾರಂಟಿ ಕಾರ್ಡು ಎಲ್ಲ ಬೇರೆ."

ತಯಾರಕರ ಕರಪತ್ರ ನನ್ನ ಕೈಯಲ್ಲೇ ಇತ್ತು. ಪೆಟ್ಟಿಗೆಯಲ್ಲಿ ಏನೇನಿರುತ್ತದೆ ಎಂಬ ಪಟ್ಟಿಯನ್ನು ಓದಿ ಹೇಳಿದೆ. ಅವನು ನಕ್ಕ. "ಇಂಡಿಯಾದಲ್ಲಿ ನಿಮಗೆ ಇದೆಲ್ಲ ಗೊತ್ತಿರೋದಿಲ್ಲ," ಅಂದ. ಆಮೇಲೆ ಆ ಬೆಲೆಗೆ ಬರುವುದು ಪ್ಲಾಸ್ಟಿಕ್ ಗಾಜಿನದು, ಜಪಾನಿನ ಅಸಲಿ ಗಾಜು ಬೇಕಾದರೆ ಇನ್ನಷ್ಟು ಕೊಡಬೇಕು ಅಂದ. ಆ ಕಂಪನಿ ಆ ಲೆನ್ಸನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದೇ ಇಲ್ಲ. ಹದಿನೈದು ವರ್ಷ ಲೆನ್ಸು ಒರೆಸಿ ಬದುಕಿದವಳಿಗೆ ಅವನು ಲೆನ್ಸಿನ ಪಾಠ ಹೇಳುತ್ತಿದ್ದ.

ಬೂತಿನ ಯಜಮಾನಿ ಗಾಜಿನ ಬಾಗಿಲು ತಟ್ಟಿದರು. "ಮೇಡಮ್, ಮೀಟ್ರು ಓಡ್ತಾ ಐತೆ, ನೋಡ್ಕೊಳಿ."

"ತಾಣದಲ್ಲಿ ಬರೆದಿರುವುದನ್ನು, ಬರೆದಿರುವ ಬೆಲೆಗೆ ಕಳಿಸಿ. ಬೇರೇನೂ ಬೇಡ," ಎಂದೆ. ಅವನ ವಿನಯ ಅಲ್ಲಿಗೆ ಮುಗಿಯಿತು. "ಹಾಗಾದರೆ ದಾಸ್ತಾನಿಲ್ಲ, ಆರು ವಾರ ಕಾಯಿರಿ," ಎಂದು ಫೋನ್ ಇಟ್ಟ.

ಆರ್ಡರ್ ರದ್ದು ಮಾಡಿ ಎಂದು ಅವತ್ತೇ ಬರೆದೆ. ಉತ್ತರವಿಲ್ಲ. ಮತ್ತೆರಡು ಸಲ ಬರೆದೆ. ಮೂರನೆಯದಕ್ಕೆ ಒಂದೇ ಸಾಲು ಬಂತು: 'ನಿಮ್ಮ ಮ್ಯಾಕ್ರೊ ಲೆನ್ಸು ರವಾನೆಯಾಗಿದೆ.' ಅವತ್ತಿನ ನನ್ನ ಪೆದ್ದುತನವನ್ನು ಈಗ ಹೇಳಿದರೆ ನಗು ಬರುತ್ತದೆ. ಕೋಪವೆಲ್ಲ ಇಳಿದುಹೋಯಿತು. ಗಟ್ಟಿಯಾಗಿ ಮಾತಾಡಿದ್ದಕ್ಕೆ ದಾರಿಗೆ ಬಂದರು ಅಂದುಕೊಂಡೆ.

ಪಾರ್ಸೆಲ್ ಬರಲಿಲ್ಲ, ನೋಟಿಸ್ ಬಂತು. ಬೆಂಗಳೂರಿನಲ್ಲಿ ವಿದೇಶದ ಪಾರ್ಸೆಲ್‌ಗಳನ್ನು ತಪಾಸಣೆ ಮಾಡುವ ಅಂಚೆ ವಿಭಾಗದವರು, ಒಳಗಿರುವ ವಸ್ತುವಿನ ಬಗ್ಗೆ ವಿವರಣೆ ಬೇಕು, ಖುದ್ದಾಗಿ ಬನ್ನಿ ಎಂದು ಕರೆದಿದ್ದರು. ಪಿನ್ನಿನ ಫೋಟೋ ತೆಗೆಯುವ ದಿನಕ್ಕೆ ಒಂಬತ್ತು ದಿನ ಉಳಿದಿತ್ತು. ಬೆಳಗಿನ ರೈಲು ಹತ್ತಿದೆ.

ಕೌಂಟರಿನಲ್ಲಿದ್ದ ಅಧಿಕಾರಿ ನಿವೃತ್ತಿಗೆ ಹತ್ತಿರವಿದ್ದವರು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಮೇಲೆ ಅಂಟಿಸಿದ್ದ ಚೀಟಿ ತೋರಿಸಿದರು. ಕಳಿಸಿದವರು ತಾವೇ ಬರೆದ ಘೋಷಣೆ ಅದು: 'ಉಡುಗೊರೆ. ಗಾಜಿನ ಅಲಂಕಾರದ ವಸ್ತು.'

"ಯಾರಮ್ಮ ನಿಮಗೆ ಅಮೆರಿಕದಿಂದ ಉಡುಗೊರೆ ಕಳಿಸಿದ್ದು? ಅಂಗಡಿ ಹೆಸರಿದೆಯಲ್ಲ?"

ಅವರ ದನಿಯಲ್ಲಿ ಅನುಮಾನ ಇತ್ತು, ಇರಬೇಕಾದದ್ದೇ. ಸುಂಕ ತಪ್ಪಿಸಲು ನಾನೇ ಹಾಗೆ ಬರೆಸಿದ್ದೇನೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನನ್ನ ಕೆನ್ನೆ ಬಿಸಿಯಾಯಿತು. ಎಲ್ಲೋ ಕೂತಿರುವ ಒಬ್ಬ ಮನುಷ್ಯ, ನನ್ನನ್ನು ಕೇಳದೆ, ನನ್ನ ಹೆಸರಿನ ಮೇಲೆ ಒಂದು ಸುಳ್ಳು ಬರೆದು ಸಮುದ್ರ ದಾಟಿಸಿದ್ದ. ಅದಕ್ಕೆ ಉತ್ತರ ಹೇಳುವವಳು ನಾನು.

ಪಕ್ಕದಲ್ಲಿ ಇನ್ಯಾರದೋ ಪಾರ್ಸೆಲ್ ಬಿಡಿಸಿಕೊಳ್ಳಲು ಬಂದಿದ್ದ ಏಜೆಂಟನೊಬ್ಬ ಮೆಲ್ಲಗೆ ಅಂದ: "ಗಿಫ್ಟ್ ಅಂತ ಒಪ್ಕೊಂಡ್ಬುಡಿ ಮೇಡಮ್. ನೆಂಟರು ಕಳ್ಸಿದ್ದು ಅನ್ನಿ. ಡ್ಯೂಟಿನೂ ಇಲ್ಲ, ಅರ್ಧ ಗಂಟೇಲಿ ಈಚೆ ಬರುತ್ತೆ."

ನಿಜ ಹೇಳುತ್ತೇನೆ, ಒಂದು ಕ್ಷಣ ಮನಸ್ಸು ಅತ್ತ ವಾಲಿತು. ಒಂಬತ್ತು ದಿನ. ಪೆಟ್ಟಿಗೆ ಕೈಗೆ ಬಂದರೆ ಸಾಕಿತ್ತು. ಅಷ್ಟರಲ್ಲಿ ಆ ಚೀಟಿಯ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ತೂಕ: ಮುನ್ನೂರ ನಲವತ್ತು ಗ್ರಾಂ. ಚೀಲದಿಂದ ಕರಪತ್ರ ತೆಗೆದು ನೋಡಿದೆ. ಆ ಲೆನ್ಸೊಂದೇ, ಪೆಟ್ಟಿಗೆ ಬಿಟ್ಟು, ಆರುನೂರು ಗ್ರಾಂ ಮೇಲಿತ್ತು. ಇನ್ನೊಂದು ಸಲ ಓದಿದೆ. ಉಡುಗೊರೆ ಎಂದು ಒಪ್ಪಿ ಸಹಿ ಹಾಕಿದರೆ ಒಳಗೆ ಏನಿದ್ದರೂ ಅದು ಉಡುಗೊರೆಯೇ. ಉಡುಗೊರೆ ಸರಿಯಿಲ್ಲ ಎಂದು ಯಾರ ಹತ್ತಿರ ದೂರುವುದು?

"ಸರ್, ಇದು ಉಡುಗೊರೆಯಲ್ಲ," ಅಂದೆ. "ನಾನು ದುಡ್ಡು ಕೊಟ್ಟು ತರಿಸಿದ್ದು. ಇದು ಆರ್ಡರಿನ ಕಾಗದ, ಇದು ಕಾರ್ಡಿನ ರಸೀತಿ. ಒಳಗೆ ಈ ಲೆನ್ಸಿದ್ದರೆ ಪೂರಾ ಸುಂಕ ಹಾಕಿ, ಕಟ್ಟುತ್ತೇನೆ. ಆದರೆ ನಿಮ್ಮ ಕೈಯಲ್ಲೇ ಬಿಚ್ಚಿ, ಏನಿದೆಯೋ ಅದನ್ನು ಬರೆದುಕೊಡಿ."

ಏಜೆಂಟ ತಲೆ ಚಚ್ಚಿಕೊಂಡು ಆಚೆ ಹೋದ. ಅಧಿಕಾರಿ ನನ್ನ ಮುಖ ನೋಡಿದರು, ಕಾಗದ ನೋಡಿದರು. ಮೊದಲು ತಮ್ಮ ತಕ್ಕಡಿಯಲ್ಲಿ ಪೆಟ್ಟಿಗೆ ತೂಗಿದರು. ಮುನ್ನೂರ ನಲವತ್ತೇ. ಆಮೇಲೆ ಬ್ಲೇಡಿನಿಂದ ಟೇಪು ಕೊಯ್ದರು. ಮುದ್ದೆ ಮಾಡಿದ ಕಾಗದ, ಅದರೊಳಗೆ ಇನ್ನಷ್ಟು ಕಾಗದ, ಕೊನೆಗೆ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಕ್ಯಾಮೆರಾ ಲೆನ್ಸಿನ ಮುಂದೆ ತಿರುಪುವ ಒಂದು ಗಾಜಿನ ಬಿಲ್ಲೆ. ಸುತ್ತ 'ಮ್ಯಾಕ್ರೊ ಲೆನ್ಸ್' ಎಂದು ಬಿಳಿ ಅಕ್ಷರ. ನನ್ನ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಕ್ಲೋಸಪ್ ಗಾಜಿಗಿಂತ ಕಳಪೆ ಮಾಲು.

"ಇಷ್ಟೇನಾ?" ಅಂದರು ಅಧಿಕಾರಿ.

ಮೋಸ ಹೋದದ್ದಕ್ಕಿಂತ ಬಿಲ್ಲೆಯ ಸುತ್ತ ಬರೆದಿದ್ದ ಆ ಎರಡು ಪದ ನನ್ನ ಮೈ ಉರಿಸಿದವು. ಅಂಗಡಿಯವರು ಕದ್ದಿರಲಿಲ್ಲ, ನನಗೆ ಬರೆದ ಈಮೇಲಿನಲ್ಲಿ ಸುಳ್ಳನ್ನೂ ಹೇಳಿರಲಿಲ್ಲ. 'ನಿಮ್ಮ ಮ್ಯಾಕ್ರೊ ಲೆನ್ಸು ರವಾನೆಯಾಗಿದೆ' ಎಂದಿದ್ದರು, ಹಾಗೆಂದು ಬರೆದಿರುವ ಒಂದು ವಸ್ತುವನ್ನೇ ಕಳಿಸಿದ್ದರು. ಮೊದಲಿಂದಲೂ ಲೆಕ್ಕ ಹಾಕಿ ಇಟ್ಟಿದ್ದ ಸಾಲು ಅದು. ಇಷ್ಟು ದೂರದಿಂದ ಯಾರು ಬಂದು ಜಗಳ ಆಡುತ್ತಾರೆ ಎಂಬ ಧೈರ್ಯ.

ಅಧಿಕಾರಿ ಒಂದು ಹಾಳೆಯಲ್ಲಿ ಎಲ್ಲ ಬರೆದರು. ಘೋಷಿತ ವಸ್ತು, ಕಂಡುಬಂದ ವಸ್ತು, ತೂಕ, ನಾನು ತೋರಿಸಿದ ಕಾಗದದ ವಿವರ. ನಾನು ಪಾರ್ಸೆಲ್ ನಿರಾಕರಿಸಿದ್ದೇನೆ ಎಂದು ಸಹಿ ಹಾಕಿದೆ. ಪ್ರತಿಗೆ ಅರ್ಜಿ ಕೊಡಬೇಕು ಅಂದರು. ಅಲ್ಲೇ ಬೆಂಚಿನ ಮೇಲೆ ಕೂತು ಅರ್ಜಿ ಬರೆದೆ. ಮಧ್ಯಾಹ್ನ ಊಟ ಬಿಟ್ಟು ಕಾದು, ಮೂರೂವರೆಗೆ ಸೀಲು ಬಿದ್ದ ಪ್ರತಿ ಕೈಗೆ ಬಂತು. ಕೊಡುವಾಗ ಅವರು, "ಬಿಡಬೇಡಿ ಕಣಮ್ಮ," ಅಂದರು. ಅಷ್ಟೇ ಅಂದದ್ದು.

ರೈಲಿನಲ್ಲಿ ವಾಪಸ್ಸು ಬರುವಾಗ ಮಂಡ್ಯದವರೆಗೂ ಅಂಗಡಿಯವನಿಗೆ ಮನಸ್ಸಿನಲ್ಲೇ ಬೈದೆ. ಆಮೇಲೆ ಪಿನ್ನಿನ ಕಡೆ ಯೋಚನೆ ಹೋಯಿತು. ವಕೀಲರಿಗೆ ಏನು ಹೇಳುವುದು? ಬೇರೆ ಯಾರಾದರೂ ಫೋಟೋಗ್ರಾಫರನ್ನು ನೋಡಿಕೊಳ್ಳಿ ಅನ್ನುವುದೇ? ಮೈಸೂರಿನಲ್ಲಿ ಆ ಲೆನ್ಸು ಇದ್ದವರು ಯಾರೂ ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಹಳೇ ಫಿಲ್ಮ್ ಕ್ಯಾಮೆರಾ, ಅದರ ಜೊತೆ ಬಂದ ಐವತ್ತು ಮಿಲಿಮೀಟರ್ ಲೆನ್ಸು. ಅಂಥ ಲೆನ್ಸನ್ನು ಹಿಂದುಮುಂದಾಗಿ ಹಿಡಿದರೆ ಸಣ್ಣ ವಸ್ತು ದೊಡ್ಡದಾಗಿ ಕಾಣುತ್ತದೆ. ಕೆಲಸ ಕಲಿಯುವಾಗ ನೋಡಿದ್ದು. ಕೈಯಲ್ಲಿ ಹಿಡಿದು ಆಟ ಆಡಿದ್ದೆ, ಕೆಲಸಕ್ಕೆ ಬಳಸಿರಲಿಲ್ಲ. ಹಿಂದುಮುಂದಾಗಿಯೇ ಭದ್ರವಾಗಿ ಕೂರುವ ಹಾಗೆ ಒಂದು ಬಳೆ ಇದ್ದರೆ?

ಮರುದಿನವೇ ಹೂಟಗಳ್ಳಿಗೆ ಹೋದೆ. ಅಲ್ಲಿ ಲೇತ್ ಇಟ್ಟುಕೊಂಡಿದ್ದ ಒಬ್ಬ ಟರ್ನರು ನನಗೆ ಕ್ಯಾಟಲಾಗಿನ ಕೆಲಸದಿಂದ ಪರಿಚಯ. ಕ್ಯಾಮೆರಾದ ಮುಂದಿನ ತೂತಿಗೆ ಹಾಕುವ ಮುಚ್ಚಳವೊಂದನ್ನೂ ಗಾಜು ಒಡೆದ ಒಂದು ಫಿಲ್ಟರಿನ ಬಳೆಯನ್ನೂ ಅವರ ಮುಂದಿಟ್ಟೆ. ಮುಚ್ಚಳಕ್ಕೆ ನಡುವೆ ತೂತು ಕೊರೆದು, ಆ ಬಳೆಯನ್ನು ಅದರಲ್ಲಿ ಕೂರಿಸಬೇಕು. ಆಗ ಮುಚ್ಚಳದ ಕಡೆ ಕ್ಯಾಮೆರಾಗೆ, ಬಳೆಯ ತಿರುಪು ಲೆನ್ಸಿನ ಮೂತಿಗೆ.

"ಎಷ್ಟು ನೇರ ಇರ್ಬೇಕು?" ಅಂದರು.

"ಕೂದಲೆಳೆ ವಾಲಿದ್ರೂ ಒಂದು ಕಡೆ ಮಬ್ಬಾಗುತ್ತೆ."

ಮೊದಲನೇ ಮುಚ್ಚಳ ಪ್ಲಾಸ್ಟಿಕ್ಕಿನದು, ಬಿಸಿಗೆ ಬಾಗಿಹೋಯಿತು. ಎರಡನೆಯದು ಕೊರೆಯುವಾಗ ಸೀಳಿತು. ಮೂರನೆಯದಕ್ಕೆ ಅವರು ಮುಚ್ಚಳವನ್ನೇ ಬಿಟ್ಟು, ಅದರ ಅಳತೆ ತೆಗೆದುಕೊಂಡು, ಅಲ್ಯೂಮಿನಿಯಂನಲ್ಲೇ ಪೂರಾ ಹೊಸ ಬಳೆ ಕಡೆಯಲು ಶುರು ಮಾಡಿದರು. ಕ್ಯಾಮೆರಾಗೆ ಕಚ್ಚುವ ಮೂರು ಹಲ್ಲುಗಳನ್ನು ಅರದಿಂದ ಕೈಯಲ್ಲೇ ಉಜ್ಜಿದರು. ಅದಕ್ಕೆ ಎರಡು ದಿನ ಹಿಡಿಯಿತು. ಯಾವ ಕೇಸು ಎಂದು ಕೇಳಿದರು. ಹೇಳಿದೆ. ಅರ ಉಜ್ಜುವುದನ್ನು ನಿಲ್ಲಿಸಿ, "ಆ ಪ್ರೆಸ್ಸು ಯಾವ್ದು ಅಂತ ಗೊತ್ತು ನಂಗೆ. ಹಿಂದೆನೂ ಒಂದ್ಸಲ ಡಬಲ್ ಹೊಡ್ದಿತ್ತಂತೆ," ಅಂದರು. ಹೇಳಿಕೆ ಕೊಡುತ್ತೀರಾ ಅಂದೆ. "ಅವ್ರ ಕೆಲ್ಸನೂ ಮಾಡ್ತೀನಿ ಮೇಡಮ್, ಹೊಟ್ಟೆಪಾಡು," ಎಂದು ಮತ್ತೆ ತಲೆ ತಗ್ಗಿಸಿದರು. ಕೂಲಿ ಮಾತ್ರ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಉಳಿದ ದಿನಗಳು ಪರೀಕ್ಷೆಗೆ ಹೋದವು. ಡಾರ್ಕ್‌ರೂಮಿನಲ್ಲಿ ಫೋಟೋ ದೊಡ್ಡದು ಮಾಡುವ ಎನ್ಲಾರ್ಜರಿನ ಕಂಬ ಬಿಚ್ಚಿ ಅದಕ್ಕೆ ಕ್ಯಾಮೆರಾವನ್ನು ಕೆಳಮುಖವಾಗಿ ಕಟ್ಟಿದೆ. ಮುರಿದ ಬೋಲ್ಟೊಂದನ್ನು ಪಿನ್ನಿನ ಬದಲು ಇಟ್ಟುಕೊಂಡೆ. ಹಿಂದುಮುಂದಾದ ಲೆನ್ಸಿನಲ್ಲಿ ಫೋಕಸ್ ಸಿಗುವ ಪದರ ಕಾಗದದಷ್ಟು ತೆಳು. ವಸ್ತುವಿನ ಮುಖ ಒಂದಿಷ್ಟು ಓರೆಯಾದರೂ ಅರ್ಧ ಹೋಯಿತು. ಮೇಣದಲ್ಲಿ ನಿಲ್ಲಿಸುವ ಹಾಗಿರಲಿಲ್ಲ, ಸಾಕ್ಷ್ಯಕ್ಕೆ ಜಿಡ್ಡು ತಾಗಬಾರದು. ಬಟ್ಟೆಯ ಸಣ್ಣ ಚೀಲಕ್ಕೆ ರಾಗಿ ತುಂಬಿ ಹೊಲಿದೆ. ಅದರಲ್ಲಿ ಅದುಮಿದರೆ ಬೇಕಾದ ಹಾಗೆ ನಿಲ್ಲುತ್ತಿತ್ತು. ಮೊದಲ ರೋಲ್ ತೊಳೆದಾಗ ನೆಗೆಟಿವ್ ಪೂರಾ ಖಾಲಿ. ಎಕ್ಸ್‌ಪೋಷರ್ ಸಾಲದು. ಎರಡನೆಯದರಲ್ಲಿ ಬೆಳಕು ಸರಿಬಂತು, ಗೆರೆ ಕಾಣಲಿಲ್ಲ. ಮೇಲಿನಿಂದ ಬೆಳಕು ಬಿದ್ದರೆ ಉಬ್ಬುತಗ್ಗು ಅಳಿಸಿಹೋಗುತ್ತದೆ. ಪುಟ್ಟ ಕನ್ನಡಿಯಿಂದ ಕಿಟಕಿಯ ಬೆಳಕನ್ನು ತೀರಾ ಪಕ್ಕದಿಂದ ಹಾಯಿಸಿದ ಮೂರನೇ ರೋಲಿನಲ್ಲಿ ಬೋಲ್ಟಿನ ಮುಖ ಕಲ್ಲುಬಂಡೆಯ ಹಾಗೆ ಎದ್ದು ನಿಂತಿತು.

ಫೋಟೋ ತೆಗೆಯುವ ದಿನ ಕಚೇರಿಯಲ್ಲಿ ವಿಚಾರಣೆಯ ಅಧಿಕಾರಿ, ಎರಡೂ ಕಡೆಯ ವಕೀಲರು, ಕಾರ್ಖಾನೆಯ ಮ್ಯಾನೇಜರು, ನಮ್ಮ ಮನುಷ್ಯ ಇದ್ದರು. ಸೀಲು ಒಡೆದು ಪಿನ್ನನ್ನು ಬಿಳಿ ಕಾಗದದ ಮೇಲಿಟ್ಟರು. ನಾನು ಕಂಬ ನಿಲ್ಲಿಸಿ ರಾಗಿ ಚೀಲ ಇಟ್ಟಾಗಲೇ ಮ್ಯಾನೇಜರಿಗೆ ನಗು ಬಂತು.

"ಏನ್ ಮೇಡಮ್, ಲೆನ್ಸು ಉಲ್ಟಾ ಹಾಕ್ಬುಟ್ಟಿದ್ದೀರ?"

"ಹೂಂ. ಹಾಗೇ ಹಾಕಬೇಕು."

ಅವರ ವಕೀಲರು ತಕ್ಷಣ ಆಕ್ಷೇಪ ಎತ್ತಿದರು. ಇದು ಕಂಪನಿಯವರು ಮಾಡಿದ ಸಲಕರಣೆಯಲ್ಲ, ಚಿತ್ರ ವಿಕಾರವಾಗಿ ಬರುತ್ತದೆ. ನಾನು ಉಕ್ಕಿನ ಸ್ಕೇಲನ್ನು ಪಿನ್ನಿನ ಮುಖದ ಮಟ್ಟಕ್ಕೇ ಏರಿಸಿ ಪಕ್ಕದಲ್ಲಿಟ್ಟೆ. "ಪ್ರತಿ ಫೋಟೋದಲ್ಲೂ ಈ ಸ್ಕೇಲ್ ಇರುತ್ತೆ ಸರ್. ಚಿತ್ರ ವಿಕಾರವಾದರೆ ಇದರ ಗೆರೆಗಳೂ ವಿಕಾರವಾಗಬೇಕಲ್ಲ? ಎಣಿಸಿ ನೋಡಬಹುದು," ಅಂದೆ. ಅಧಿಕಾರಿ ಕ್ಯಾಮೆರಾದಲ್ಲಿ ತಾವೇ ಇಣುಕಿ ನೋಡಿ, "ಮುಂದುವರಿಸಿ," ಅಂದರು.

ಒಂದೊಂದು ಫೋಟೋಗೂ ಶಟರು ಮೂರು ನಾಲ್ಕು ಸೆಕೆಂಡು ತೆರೆದಿರಬೇಕಿತ್ತು. ಹೊರಗೆ ಬಸ್ಸು ಹೋದರೆ ನೆಲ ಅದುರುತ್ತಿತ್ತು. ಬಸ್ಸು ಹೋಗಲಿ ಎಂದು ಕಾಯುವುದು, ಉಸಿರು ಕಟ್ಟಿ ಶಟರಿನ ಕೇಬಲ್ ಒತ್ತುವುದು. ಕಪ್ಪುಬಿಳುಪಿನ ಒಂದು ರೋಲ್ ಮುಗಿಸಿ ಬಣ್ಣದ ರೋಲಿನ ಅರ್ಧಕ್ಕೆ ಬರುವಷ್ಟರಲ್ಲಿ ಗಂಟೆ ಮುಗಿಯಿತು. ಬೆವರಿಗೆ ರವಿಕೆ ಬೆನ್ನಿಗೆ ಅಂಟಿತ್ತು.

ಫೋಟೋಗಳು ಬಂದವು. ಪಿನ್ನಿನ ಮುಖದ ಅರ್ಧಕ್ಕಿಂತ ಹೆಚ್ಚು ಭಾಗ ಕಂದುಗಪ್ಪು. ಅದರ ಮೇಲೆ ಒಂದು ಮೂಲೆಯಿಂದ ಹೊರಟು ಅಗಲವಾಗುತ್ತ ಹೋದ ಹತ್ತಾರು ಬಾಗಿದ ಗೆರೆ. ಉಳಿದದ್ದು ಉಪ್ಪಿನ ಹರಳಿನಂತೆ ಹೊಳೆಯುತ್ತಿತ್ತು. ಪ್ರೊಫೆಸರು ಭೂತಗನ್ನಡಿ ಹಿಡಿದು ಹತ್ತು ನಿಮಿಷ ನೋಡಿದರು. "ಇದು ತಿಂಗಳುಗಟ್ಟಲೆ ಸೀಳುತ್ತಾ ಬಂದಿದೆ," ಎಂದು ಬರೆದು ಸಹಿ ಮಾಡಿದರು.

ಇತ್ತ ಕಾರ್ಡಿನ ಹಣ ವಾಪಸ್ಸು ಕೊಡಿಸಿ ಎಂದು ಬ್ಯಾಂಕಿನ ಜೊತೆ ನನ್ನ ಜಗಳ ನಡೆದೇ ಇತ್ತು. ಮೊದಲ ದೂರಿಗೆ, 'ಮಾರಾಟಗಾರರು ಮ್ಯಾಕ್ರೊ ಲೆನ್ಸು ರವಾನಿಸಿದ ದಾಖಲೆ ಒದಗಿಸಿದ್ದಾರೆ, ದೂರು ಮುಕ್ತಾಯ' ಎಂಬ ಉತ್ತರ. ಕಾಗದ ಹರಿದು ಹಾಕುವಷ್ಟು ಸಿಟ್ಟು ಬಂತು. ಹರಿಯಲಿಲ್ಲ. ಆರ್ಡರ್ ಪುಟದ ಪ್ರಿಂಟು, ಕರಪತ್ರದಲ್ಲಿನ ತೂಕ, ಸೀಲು ಬಿದ್ದ ತಪಾಸಣೆಯ ಪ್ರತಿ, ಮೂರನ್ನೂ ಜೋಡಿಸಿ ಒಂದೇ ಪ್ರಶ್ನೆ ಬರೆದೆ: ಆರುನೂರು ಗ್ರಾಮಿನ ವಸ್ತು ಮುನ್ನೂರ ನಲವತ್ತು ಗ್ರಾಮಿನ ಪೆಟ್ಟಿಗೆಯೊಳಗೆ ಹೇಗೆ ಹಿಡಿಯಿತು? ಬ್ಯಾಂಕು ಅದನ್ನು ಅಂಗಡಿಯವರಿಗೆ ಕಳಿಸಿತು. ದೂರು ಹಿಂತೆಗೆದುಕೊಂಡರೆ ಒಂದು ಕ್ಯಾಮೆರಾ ಚೀಲ ಉಚಿತವಾಗಿ ಕಳಿಸುತ್ತೇವೆ ಎಂದು ನನಗೆ ಈಮೇಲ್ ಬರೆದರು. ಅದನ್ನೂ ಪ್ರಿಂಟ್ ತೆಗೆಸಿ ಬ್ಯಾಂಕಿಗೆ ಕಳಿಸಿದೆ. ಕಾರ್ಡಿನ ಹಣ ವಾಪಸ್ಸು ಬಂತು. ಆದರೂ ಸಮಾಧಾನವಾಗಲಿಲ್ಲ. ಆ ತಾಣ ಹಾಗೇ ಇತ್ತು, ಅದೇ ಲೆನ್ಸು, ಅದೇ ಬೆಲೆ, 'ದಾಸ್ತಾನಿದೆ'.

ವಿಚಾರಣೆಯ ಅಧಿಕಾರಿಯ ಆದೇಶ ಕೆಲವು ತಿಂಗಳ ಮೇಲೆ ಬಂತು. ಪಿನ್ನು ಅಪಘಾತಕ್ಕೆ ಮೊದಲೇ ಬಿರುಕು ಬಿಟ್ಟಿತ್ತು, ಕಾರ್ಮಿಕನ ತಪ್ಪು ಸಾಬೀತಾಗಿಲ್ಲ. ಅವತ್ತು ಸಂಜೆ ನಮ್ಮ ಮನುಷ್ಯ ಸ್ಟುಡಿಯೋಗೆ ಒಬ್ಬರೇ ಬಂದರು. ಆ ಫೋಟೋದ ಒಂದು ಪ್ರತಿ ಬೇಕು ಅಂದರು. ದೊಡ್ಡದಾಗಿ ಮಾಡಿಸಿಟ್ಟಿದ್ದನ್ನು ಕೊಟ್ಟೆ. ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಒಂದ್ ಮಾತು ಯಾರ್ಗೂ ಹೇಳಿಲ್ಲ ಮೇಡಮ್," ಅಂದರು. "ಅವ್ರು ಹೇಳಿ ಹೇಳಿ, ನಂಗೇ ಅನುಮಾನ ಬಂದ್ಬುಟ್ಟಿತ್ತು. ನಾನೇ ತುಳಿದ್ನೇನೋ ಅಂತ. ಕುಂತಲ್ಲೆಲ್ಲ ಕಾಲು ನೋಡ್ಕೋತಿದ್ದೆ. ನನ್ ಹೆಂಡ್ತಿಗೂ ಹೇಳಿಲ್ಲ. ಲಾಯರ್ರ ಮುಂದೆ, ನಿಮ್ ಮುಂದೆ ತುಳೀಲಿಲ್ಲ ಅಂತಿದ್ನಲ್ಲ, ಒಳಗೊಳಗೇ ಸುಳ್ಳು ಹೇಳ್ತಿದ್ದೀನೇನೋ ಅನ್ಸೋದು."

ಅವರು ಬಲಗೈಯನ್ನು ಜೇಬಿನಿಂದ ತೆಗೆದು, ಉಳಿದ ಎರಡು ಬೆರಳಿನಿಂದ ಫೋಟೋವನ್ನು ಹುಷಾರಾಗಿ ಲಕೋಟೆಯೊಳಗೆ ಸೇರಿಸಿದರು.